ಸೀಕ್ರೆಟ್ ಇನ್ವೇಷನ್ ಕಾಮಿಕ್ಸ್: ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಬಿಡಬೇಕು

ಸೀಕ್ರೆಟ್ ಇನ್ವೇಷನ್ ಅಂದರೆ ರೂಪ ಬದಲಿಸುವ ಸ್ಕ್ರಲ್ ಎಂಬ ಅನ್ಯಗ್ರಹದವರು ಗುಟ್ಟಾಗಿ ನಾಯಕರ ಜಾಗದಲ್ಲಿ ಬಂದು ಕೂರುವ 2008ರ ಮಾರ್ವೆಲ್ ಕಥೆ. ಮಾರ್ವೆಲ್ ಸಿನಿಮಾ ನೋಡಿ ಕಾಮಿಕ್ಸ್ ಕಡೆ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸೀಕ್ರೆಟ್ ಇನ್ವೇಷನ್ ಓದಬೇಕು, ಆದರೆ ಪಟ್ಟಿ ನೋಡಿದರೆ ನೂರರ ಹತ್ತಿರ ಸಂಚಿಕೆಗಳಿವೆ, ಎಲ್ಲಾ ಓದಬೇಕಾ? ಬೇಡ. ಹಾಗಂತ ಮುಖ್ಯ ಸರಣಿಯ 8 ಸಂಚಿಕೆ ಮಾತ್ರ ಓದಿದರೆ "ಇಷ್ಟೇನಾ?" ಅನಿಸುತ್ತದೆ. ಹಾಗೆ ಓದಿ ಬೇಜಾರು ಮಾಡಿಕೊಂಡವರೇ ಜಾಸ್ತಿ. ಕಾರಣ ಸರಳ. ಆ 8 ಸಂಚಿಕೆಗಳಲ್ಲಿ ಇರುವುದು ಬಹುಪಾಲು ಯುದ್ಧ. ಶತ್ರುಗಳು ಒಳಗೆ ನುಸುಳಿದ್ದು ಹೇಗೆ, ಯಾರ ಜಾಗದಲ್ಲಿ ಯಾವಾಗ ಬಂದು ಕೂತರು ಎನ್ನುವ ನಿಜವಾದ ಮಜಾ ಇರುವುದು ಪಕ್ಕದ ಎರಡು ಸರಣಿಗಳಲ್ಲಿ, ನ್ಯೂ ಅವೆಂಜರ್ಸ್ ಮತ್ತು ಮೈಟಿ ಅವೆಂಜರ್ಸ್.

ಒಂದು ಭರವಸೆ. ಯಾರು ಅಸಲಿ, ಯಾರು ನಕಲಿ ಎಂದು ನಾನು ಇಲ್ಲಿ ಬಾಯಿ ಬಿಡುವುದಿಲ್ಲ. ಒಂದೇ ಒಂದು ಹೆಸರು ಹೇಳುತ್ತೇನೆ, ಅದು ಕಥೆ ಶುರುವಾಗುವುದೇ ಆ ಹೆಸರಿನಿಂದ ಎನ್ನುವ ಕಾರಣಕ್ಕೆ.

ಮೊದಲು ಕೆಲವು ಪದಗಳು

ಇವೆಂಟ್ ಅಂದರೆ ಒಂದೇ ದೊಡ್ಡ ಕಥೆ ಕಂಪನಿಯ ಹಲವು ಸರಣಿಗಳಲ್ಲಿ ಒಟ್ಟಿಗೆ ನಡೆಯುವುದು. ಕ್ರಾಸ್‌ಓವರ್ ಎಂದೂ ಕರೆಯುತ್ತಾರೆ. ಟೈ-ಇನ್ ಅಂದರೆ ಆ ದೊಡ್ಡ ಕಥೆಗೆ ಅಂಟಿಕೊಂಡ ಬೇರೆ ಸರಣಿಯ ಸಂಚಿಕೆ. ಒನ್-ಶಾಟ್ ಅಂದರೆ ಒಂದೇ ಸಂಚಿಕೆಯಲ್ಲಿ ಮುಗಿಯುವುದು. ಟ್ರೇಡ್ ಅಂದರೆ ಐದಾರು ಸಂಚಿಕೆಗಳನ್ನು ಸೇರಿಸಿ ಕಟ್ಟಿದ ಪುಸ್ತಕ. ರೆಟ್ಕಾನ್ ಅಂದರೆ ಹಳೆಯ ಕಥೆಯಲ್ಲಿ ನೀವು ಓದಿದ್ದಕ್ಕೆ ಈಗ ಬೇರೆ ಅರ್ಥ ಕೊಡುವುದು. ಈ ಕಥೆ ನಿಂತಿರುವುದೇ ರೆಟ್ಕಾನ್ ಮೇಲೆ, ಆದ್ದರಿಂದ ಇದೊಂದು ಪದ ನೆನಪಿರಲಿ.

ಇನ್ನು ಸ್ಕ್ರಲ್‌ಗಳು. ಹಸಿರು ಮೈ, ಗೀರು ಬಿದ್ದ ಗಲ್ಲ, ಚೂಪು ಕಿವಿ, ಯಾರ ರೂಪ ಬೇಕಾದರೂ ತಾಳಬಲ್ಲ ಅನ್ಯಗ್ರಹದವರು. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1962ರ ಜನವರಿ ದಿನಾಂಕ ಹೊತ್ತ ಫೆಂಟಾಸ್ಟಿಕ್ ಫೋರ್ 2ನೇ ಸಂಚಿಕೆಯಲ್ಲಿ ಇವರನ್ನು ತಂದರು. ಆ ಕಥೆಯ ಕೊನೆಯಲ್ಲಿ ಫೆಂಟಾಸ್ಟಿಕ್ ಫೋರ್ ತಂಡದ ರೀಡ್ ರಿಚರ್ಡ್ಸ್ ಸ್ಕ್ರಲ್‌ಗಳಿಗೆ ಸಮ್ಮೋಹನ ಮಾಡಿ ಹಸುಗಳಾಗಿ ಬದುಕಿ ಎಂದು ಬಿಟ್ಟುಬಿಡುತ್ತಾನೆ. ಹೌದು, ಹುಲ್ಲು ಮೇಯುವ ಹಸುಗಳು. 46 ವರ್ಷ ಆದಮೇಲೆ ಅದೇ ಜನಾಂಗವನ್ನು ಇಟ್ಟುಕೊಂಡು ಗಂಭೀರವಾದ ಭಯದ ಕಥೆ ಹೆಣೆದರಲ್ಲ, ಅದಕ್ಕೇ ಈ ಇವೆಂಟ್ ನನಗೆ ಇಷ್ಟ.

ಹಂತ 1: ಸರಿಯಾದ ಪುಸ್ತಕ ಹುಡುಕಿ

ಇಲ್ಲೇ ಮೊದಲ ಗುಂಡಿ ಇದೆ. ಸೀಕ್ರೆಟ್ ಇನ್ವೇಷನ್ ಎಂಬ ಹೆಸರಿನಲ್ಲಿ ಎರಡು ಕಾಮಿಕ್ಸ್ ಸರಣಿಗಳಿವೆ. ನಿಮಗೆ ಬೇಕಾದ್ದು 2008ರದ್ದು, 8 ಸಂಚಿಕೆ. ಬರೆದವರು ಬ್ರಯಾನ್ ಮೈಕೆಲ್ ಬೆಂಡಿಸ್, ಚಿತ್ರ ಲೇನಿಲ್ ಫ್ರಾನ್ಸಿಸ್ ಯೂ. ಇನ್ನೊಂದು 2022ರಲ್ಲಿ ಶುರುವಾದ 5 ಸಂಚಿಕೆಯ ಸರಣಿ, ಅದನ್ನು ಬರೆದವರು ರಯಾನ್ ನಾರ್ತ್. ಅದೂ ಸ್ಕ್ರಲ್ ಕಥೆಯೇ, ಆದರೆ ಬೇರೆ ಕಥೆ. ಕೊಳ್ಳುವ ಮುಂಚೆ ಕವರ್ ಮೇಲೆ ಬರೆದವರ ಹೆಸರು ನೋಡಿ.

ನ್ಯೂ ಅವೆಂಜರ್ಸ್ ವಿಷಯದಲ್ಲೂ ಇದೇ ಗೋಳು. ಆ ಹೆಸರಿನ ಸರಣಿ ಹಲವು ಸಲ ಮತ್ತೆ 1ರಿಂದ ಶುರುವಾಗಿದೆ. ನಿಮಗೆ ಬೇಕಾದ್ದು ಮೊಟ್ಟಮೊದಲನೆಯದು, 2004ರ ಕೊನೆಗೆ ಶುರುವಾಗಿ 2010ಕ್ಕೆ ಮುಗಿದದ್ದು. ಮೈಟಿ ಅವೆಂಜರ್ಸ್ ಆದರೆ 2007ರಲ್ಲಿ ಶುರುವಾದದ್ದು.

ಓದುವುದಕ್ಕೆ ಎರಡು ದಾರಿ. ಮಾರ್ವೆಲ್ ಅನ್‌ಲಿಮಿಟೆಡ್ ಎಂಬ ಚಂದಾ ಆಪ್ ಇದೆ. ಸಂಚಿಕೆಯಿಂದ ಸಂಚಿಕೆಗೆ, ಒಂದು ಸರಣಿಯಿಂದ ಇನ್ನೊಂದಕ್ಕೆ ಹಾರುತ್ತಾ ಓದಬೇಕಾದ ಇಂಥ ಕಥೆಗೆ ಅದೇ ಅಗ್ಗ, ಅದೇ ಸಲೀಸು. ಪುಸ್ತಕವೇ ಕೈಯಲ್ಲಿ ಬೇಕು ಅನ್ನುವವರು ಮುಖ್ಯ ಸರಣಿಯ ಟ್ರೇಡ್, ನ್ಯೂ ಅವೆಂಜರ್ಸ್ ಸಂಪುಟ 8 ಮತ್ತು 9, ಮೈಟಿ ಅವೆಂಜರ್ಸ್ ಸಂಪುಟ 3 ಮತ್ತು 4 ಹುಡುಕಿ. ಹಂತ 4ರಲ್ಲಿ ಹೇಳುವ ಹಳೆಯ ಸಂಚಿಕೆಗಳಲ್ಲಿ ಹೆಚ್ಚಿನವು ಬೇರೆ ಸಂಪುಟಗಳಲ್ಲಿವೆ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟ್‌ನ ಪುಸ್ತಕದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ಆದರೆ ಅಲ್ಲಿ ಒಂದೇ ಸಂಪುಟ ಸಿಕ್ಕಿತು ಅಂತ ನಡುವಿನಿಂದ ಓದಲು ಕೂರಬೇಡಿ, ತಂದಿಟ್ಟುಕೊಂಡು ಉಳಿದದ್ದು ಸಿಗುವ ತನಕ ಕಾಯಿರಿ. ಎಲ್ಲವೂ ಇಂಗ್ಲಿಷ್‌ನಲ್ಲೇ ಓದಬೇಕು, ಭಾಷೆ ಕಷ್ಟವಿಲ್ಲ, ಬೆಂಡಿಸ್ ಬರೆಯುವ ಮಾತು ಬೀದಿಯಲ್ಲಿ ಆಡುವ ಹಾಗೇ ಇರುತ್ತದೆ. ಸ್ವಲ್ಪ ಜಾಸ್ತಿನೇ ಮಾತು, ಅದು ಬೇರೆ ವಿಷಯ.

ಫೋನಿನಲ್ಲಿ ಓದುವವರಿಗೆ ಇನ್ನೊಂದು ಮಾತು. ಯೂ ಎರಡು ಪುಟ ಸೇರಿಸಿ ಒಂದೇ ಚಿತ್ರ ಬಿಡಿಸುವುದು ಜಾಸ್ತಿ, ಮೂವತ್ತು ನಲವತ್ತು ಜನ ಒಂದೇ ಚೌಕಟ್ಟಿನಲ್ಲಿ ಹೊಡೆದಾಡುತ್ತಿರುತ್ತಾರೆ. ಫೋನ್ ಅಡ್ಡ ಹಿಡಿಯಿರಿ, ಟ್ಯಾಬ್ ಇದ್ದರೆ ಇನ್ನೂ ಒಳ್ಳೆಯದು.

ಹಂತ 2: ಸಿನಿಮಾ ಮರೆತುಬಿಡಿ

2019ರ ಕ್ಯಾಪ್ಟನ್ ಮಾರ್ವೆಲ್ ಸಿನಿಮಾದಲ್ಲಿ ಸ್ಕ್ರಲ್‌ಗಳು ನೆಲೆ ಕಳೆದುಕೊಂಡ ಪಾಪದ ಜನ. 2023ರ ಜೂನ್ 21ರಂದು ಶುರುವಾದ 6 ಕಂತುಗಳ ಧಾರಾವಾಹಿಗೆ ಇದೇ ಕಾಮಿಕ್ಸಿನ ಹೆಸರಿದ್ದರೂ ಅದು ನಿಕ್ ಫ್ಯೂರಿ ಒಬ್ಬನ ಸುತ್ತ ನಡೆಯುವ ಗೂಢಚಾರರ ಕಥೆ, ಅವೆಂಜರ್ಸ್ ತಂಡ ಅದರಲ್ಲಿ ಇಲ್ಲವೇ ಇಲ್ಲ. ಅದು ಇಷ್ಟ ಆಗದವರು "ಕಾಮಿಕ್ಸೂ ಹೀಗೇನಾ?" ಎಂದು ಕೇಳುತ್ತಾರೆ. ಅಲ್ಲ. ಹೆಸರು, ಫ್ಯೂರಿ ಮತ್ತು "ಯಾರನ್ನು ನಂಬೋದು" ಎಂಬ ಎಳೆ, ಇಷ್ಟು ಬಿಟ್ಟರೆ ಹೋಲಿಕೆ ಕಡಿಮೆ.

ಕಾಮಿಕ್ಸಿನ ಸ್ಕ್ರಲ್‌ಗಳಿಗೂ ನೆಲೆ ಇಲ್ಲ, ನಿಜ. 1983ರಲ್ಲಿ ಗ್ರಹಗಳನ್ನು ತಿಂದು ಬದುಕುವ ಗ್ಯಾಲಕ್ಟಸ್ ಅವರ ರಾಜಧಾನಿ ಗ್ರಹವನ್ನೇ ನುಂಗಿದ, 2006ರ ಅನಿಹಿಲೇಷನ್ ಕಥೆಯಲ್ಲಿ ಅಳಿದುಳಿದ ಸಾಮ್ರಾಜ್ಯವೂ ಪುಡಿಯಾಯಿತು. ಆದರೆ ಇವರು ಆಶ್ರಯ ಕೇಳಿಕೊಂಡು ಬರುವುದಿಲ್ಲ. ತಮ್ಮ ಧರ್ಮಗ್ರಂಥದಲ್ಲಿ ಭೂಮಿ ನಮ್ಮದೆಂದು ಬರೆದಿದೆ ಎಂದು ನಂಬಿ ಬರುತ್ತಾರೆ. "ಅವನು ನಿನ್ನನ್ನು ಪ್ರೀತಿಸುತ್ತಾನೆ" ಎಂಬ ಒಂದು ಮಾತು ಉದ್ದಕ್ಕೂ ಕೇಳಿಸುತ್ತದೆ, ಗುಂಡು ಹೊಡೆಯುವ ಮುಂಚೆಯೂ ಅದೇ ಮಾತು. ಆ "ಅವನು" ಯಾರು ಎಂದು ಮುಖ್ಯ ಸರಣಿ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಉತ್ತರ ಬೇರೆ ಕಡೆ ಇದೆ, ಹಂತ 6ರಲ್ಲಿ ಬರುತ್ತೇನೆ.

ಹಂತ 3: 2008ರಲ್ಲಿ ಯಾರು ಎಲ್ಲಿದ್ದರು, ತಿಳಿದುಕೊಳ್ಳಿ

ಹೊಸಬರು ಎಡವುವುದು ಇಲ್ಲೇ. ಪುಸ್ತಕ ತೆರೆದ ಕೂಡಲೇ ಎರಡು ಅವೆಂಜರ್ಸ್ ತಂಡ ಕಾಣುತ್ತದೆ, ಒಬ್ಬರಿಗೊಬ್ಬರು ಮಾತಾಡಲ್ಲ, ಏನಿದು ಅಂತ ತಲೆ ಕೆಡುತ್ತದೆ.

2006–07ರ ಸಿವಿಲ್ ವಾರ್ ಎಂಬ ಇವೆಂಟ್ ಇದಕ್ಕೆ ಕಾರಣ. ಶಕ್ತಿ ಇರುವವರೆಲ್ಲ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು ಎಂಬ ಕಾನೂನು ಬಂತು, ನಾಯಕರು ಎರಡು ಪಾಲಾದರು. ನೋಂದಾಯಿಸಿಕೊಂಡವರು ಟೋನಿ ಸ್ಟಾರ್ಕ್ (ಐರನ್ ಮ್ಯಾನ್) ಕಡೆಯ ಮೈಟಿ ಅವೆಂಜರ್ಸ್. ಒಪ್ಪದೆ ತಲೆಮರೆಸಿಕೊಂಡವರು ಲ್ಯೂಕ್ ಕೇಜ್ ಜೊತೆಗಿನ ನ್ಯೂ ಅವೆಂಜರ್ಸ್. ಸ್ಟಾರ್ಕ್ ಈಗ ಶೀಲ್ಡ್ ಎಂಬ ಗೂಢಚಾರ ಸಂಸ್ಥೆಗೂ ಮುಖ್ಯಸ್ಥ. ಸಿವಿಲ್ ವಾರ್ ಸರಣಿ 7 ಸಂಚಿಕೆ ಅಷ್ಟೇ, ಸಮಯ ಇದ್ದರೆ ಓದಿಬಿಡಿ. ಇಲ್ಲದಿದ್ದರೆ ಮೇಲಿನ ನಾಲ್ಕು ಸಾಲು ಸಾಕು.

ಸಿನಿಮಾ ನೋಡಿ ಬಂದವರಿಗೆ ಗೊಂದಲ ಮಾಡುವ ಬೇರೆ ಸಂಗತಿಗಳೂ ಇವೆ. ಸ್ಟೀವ್ ರಾಜರ್ಸ್ 2007ರಲ್ಲಿ ಸತ್ತಿದ್ದಾನೆ, ಪಿಸ್ತೂಲು ಹಿಡಿದು ಓಡಾಡುವ ಕ್ಯಾಪ್ಟನ್ ಅಮೆರಿಕ ಬಕಿ ಬಾರ್ನ್ಸ್. ಹಾಕ್‌ಐ ಅಂದರೆ ಕ್ಲಿಂಟ್ ಬಾರ್ಟನ್, ಈಗ ಮುಖ ಮುಚ್ಚಿಕೊಂಡು ರೋನಿನ್ ಎಂಬ ಹೆಸರಿನಲ್ಲಿದ್ದಾನೆ. ನಿಕ್ ಫ್ಯೂರಿ ಶೀಲ್ಡ್ ಬಿಟ್ಟು ಕಣ್ಮರೆಯಾಗಿ ಬಹಳ ಕಾಲವಾಗಿದೆ. ಕ್ಯಾರಲ್ ಡ್ಯಾನ್ವರ್ಸ್ ಇನ್ನೂ ಮಿಸ್ ಮಾರ್ವೆಲ್, ಅವಳು ಕ್ಯಾಪ್ಟನ್ ಮಾರ್ವೆಲ್ ಆಗುವುದು 2012ರಲ್ಲಿ. ಇಲ್ಲಿ ಕ್ಯಾಪ್ಟನ್ ಮಾರ್ವೆಲ್ ಎಂದರೆ ಮಾರ್-ವೆಲ್ ಎಂಬ, ಕ್ರೀ ಅನ್ನುವ ಅನ್ಯಗ್ರಹ ಜನಾಂಗದ ಯೋಧ, 1982ರ ಪುಸ್ತಕದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡವನು. ಸತ್ತವನು ಎದ್ದು ಬಂದದ್ದು ಹೇಗೆ ಅಂತ ಅನುಮಾನ ಬರುತ್ತದೆ ಅಲ್ವಾ? ಬರಲಿ. ಈ ಕಥೆ ಓದುವಾಗ ಎಲ್ಲರ ಮೇಲೂ ಅನುಮಾನ ಇರಬೇಕು.

ಹಂತ 4: ಮುಖ್ಯ ಸರಣಿಗೆ ಮುಂಚೆ ಇವುಗಳನ್ನು ಓದಿ

ಮೊದಲು ನ್ಯೂ ಅವೆಂಜರ್ಸ್: ಇಲ್ಯುಮಿನಾಟಿ ಎಂಬ 5 ಸಂಚಿಕೆಯ ಸರಣಿಯ 1ನೇ ಸಂಚಿಕೆ. ಐರನ್ ಮ್ಯಾನ್, ರೀಡ್ ರಿಚರ್ಡ್ಸ್, ಡಾಕ್ಟರ್ ಸ್ಟ್ರೇಂಜ್, ಪ್ರೊಫೆಸರ್ ಎಕ್ಸ್, ನೇಮರ್, ಬ್ಲ್ಯಾಕ್ ಬೋಲ್ಟ್ ಆರು ಜನ ಗುಟ್ಟಾಗಿ ಸೇರಿ, ಸ್ಕ್ರಲ್ ಚಕ್ರವರ್ತಿಯ ಆಸ್ಥಾನಕ್ಕೇ ಹೋಗಿ "ಇನ್ನು ಭೂಮಿಯ ಕಡೆ ಬಂದರೆ ನೋಡು" ಎಂದು ಬೆದರಿಸುತ್ತಾರೆ. ಸಿಕ್ಕಿಬೀಳುತ್ತಾರೆ, ಹೇಗೋ ತಪ್ಪಿಸಿಕೊಂಡು ಬರುತ್ತಾರೆ. ಅಷ್ಟರಲ್ಲಿ ಸ್ಕ್ರಲ್‌ಗಳು ಅವರ ಮೈಯನ್ನು ಪರೀಕ್ಷೆ ಮಾಡಿ ಮುಗಿಸಿರುತ್ತಾರೆ. ಮುಂದಿನ ಅನಾಹುತಕ್ಕೆಲ್ಲ ಬೀಜ ಬಿದ್ದದ್ದು ಇಲ್ಲಿ. ಇದನ್ನು ಬಿಟ್ಟರೆ ಸ್ಕ್ರಲ್‌ಗಳನ್ನು ಯಾವ ಯಂತ್ರವೂ, ಯಾವ ಮಂತ್ರವೂ ಯಾಕೆ ಪತ್ತೆ ಮಾಡಲಾರದು ಎಂಬುದು ಅರ್ಥವಾಗುವುದಿಲ್ಲ.

ಆಮೇಲೆ ನ್ಯೂ ಅವೆಂಜರ್ಸ್ 27ರಿಂದ 31. 31ರ ಕೊನೆಯಲ್ಲಿ ಎಕೋ ಎಂಬ ನಾಯಕಿಯ ಕೈಯಲ್ಲಿ ನಿಂಜಾ ಹಂತಕಿ ಎಲೆಕ್ಟ್ರಾ ಸಾಯುತ್ತಾಳೆ. ಬಾಣ ಬಿದ್ದ ಮೇಲೆ ಮಾರೀಚನ ಜಿಂಕೆ ವೇಷ ಕಳಚಿದ ಹಾಗೆ, ಪ್ರಾಣ ಹೋದ ಕೂಡಲೇ ಅವಳ ಹೆಣ ಹಸಿರಾಗುತ್ತದೆ. ನಾನು ಹೇಳುತ್ತೇನೆಂದ ಒಂದೇ ಹೆಸರು ಇದು. ವುಲ್ವರಿನ್ ಮೂಗಿಗೆ ವಾಸನೆ ಬಡಿಯಲಿಲ್ಲ, ಡಾಕ್ಟರ್ ಸ್ಟ್ರೇಂಜ್‌ಗೆ ಗೊತ್ತಾಗಲಿಲ್ಲ, ಹಾಗಾದರೆ ಈ ಕೋಣೆಯಲ್ಲಿ ಇನ್ನೆಷ್ಟು ಜನ? ಆ ಪ್ರಶ್ನೆಯನ್ನು ಇಟ್ಟುಕೊಂಡು 32ರಿಂದ 35ರವರೆಗೆ ಓದಿ. ನನ್ನ ಪ್ರಕಾರ ಇಡೀ ಇವೆಂಟಿನಲ್ಲಿ ಅತಿ ಒಳ್ಳೆಯ ಭಾಗ ಇದೇ. ಹೊಡೆದಾಟಕ್ಕಿಂತ ಜಾಸ್ತಿ, ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುವ ದೃಶ್ಯಗಳು. ಚಿತ್ರಗಳೂ ಯೂ ಅವರದ್ದೇ, ಹಾಗಾಗಿ ಮುಖ್ಯ ಸರಣಿಗೆ ಬಂದಾಗ ಕಣ್ಣಿಗೆ ಒಗ್ಗಿರುತ್ತದೆ.

ನಂತರ ಮೈಟಿ ಅವೆಂಜರ್ಸ್ 7, ಅದಾದ ಮೇಲೆ ಇಲ್ಯುಮಿನಾಟಿ 5. ಈ ಕ್ರಮ ಬದಲಿಸಬೇಡಿ. ಇಲ್ಯುಮಿನಾಟಿ ಐದೂ ಸಂಚಿಕೆ ಒಂದೇ ಪುಸ್ತಕದಲ್ಲಿ ಇರುತ್ತದೆ, ಸುಮ್ನೆ ಒಂದೇ ಏಟಿಗೆ ಓದಿ ಮುಗಿಸೋಣ ಅನಿಸುತ್ತದೆ. ಹಾಗೆ ಮಾಡಿದರೆ 5ನೆಯದರಲ್ಲಿ ಬರುವ ಏಟು ಪೋಲಾಗುತ್ತದೆ.

ಕೊನೆಗೆ ಮೈಟಿ ಅವೆಂಜರ್ಸ್ 12 ಮತ್ತು 13. ಫ್ಯೂರಿ ಇಷ್ಟು ದಿನ ಎಲ್ಲಿ ಅಡಗಿದ್ದ, ಏನು ಮಾಡುತ್ತಿದ್ದ ಎನ್ನುವ ಕಥೆ. ಅಲೆಕ್ಸ್ ಮಲೀವ್ ಚಿತ್ರಗಳು, ಕತ್ತಲು ಕತ್ತಲು, ತುಂಬಾ ಚೆನ್ನಾಗಿವೆ.

ಹಂತ 5: ಮುಖ್ಯ ಸರಣಿ, ನಡುನಡುವೆ ಟೈ-ಇನ್

ಕಥೆ ಶುರುವಾಗುವುದು ಹೀಗೆ. ಸ್ಯಾವೇಜ್ ಲ್ಯಾಂಡ್ ಎಂಬ ಡೈನೋಸಾರ್‌ಗಳ ನಾಡಿನಲ್ಲಿ ಸ್ಕ್ರಲ್‌ಗಳ ಒಂದು ಬಾಹ್ಯಾಕಾಶ ಹಡಗು ಬೀಳುತ್ತದೆ. ಎರಡೂ ಅವೆಂಜರ್ಸ್ ತಂಡ ಅಲ್ಲಿಗೆ ಓಡುತ್ತದೆ. ಹಡಗಿನ ಬಾಗಿಲು ತೆರೆದರೆ ಒಳಗಿನಿಂದ ಇಳಿಯುವವರು ಹಳೇ ಕಾಲದ ವೇಷದಲ್ಲಿರುವ ನಾಯಕರು, "ನಾವೇ ಅಸಲಿ" ಅನ್ನುತ್ತಾರೆ. ಈಚೆ ನಿಂತವರಲ್ಲಿ ಅನೇಕರು ಅದೇ ಜನ! ಆ ಹೊತ್ತಿಗೇ ಇತ್ತ ನ್ಯೂಯಾರ್ಕಿನಲ್ಲಿ ದಾಳಿ ಶುರು.

ಓದುವ ಕ್ರಮ ನಾನು ಹೇಳುವುದು ಹೀಗಿದೆ:

1. ಮುಖ್ಯ ಸರಣಿ 1, 2, 3 ಬಿಡುವಿಲ್ಲದೆ ಓದಿ.
2. ನ್ಯೂ ಅವೆಂಜರ್ಸ್ 40, 41. ಮೈಟಿ ಅವೆಂಜರ್ಸ್ 14.
3. ಮುಖ್ಯ ಸರಣಿ 4. ಆಮೇಲೆ ನ್ಯೂ 42, ಮೈಟಿ 15.
4. ಮುಖ್ಯ ಸರಣಿ 5. ಆಮೇಲೆ ನ್ಯೂ 43, 44, ಮೈಟಿ 16.
5. ಮುಖ್ಯ ಸರಣಿ 6. ಆಮೇಲೆ ಮೈಟಿ 17, 18.
6. ಮುಖ್ಯ ಸರಣಿ 7. ಆಮೇಲೆ ನ್ಯೂ 45, ಮೈಟಿ 19.
7. ಮುಖ್ಯ ಸರಣಿ 8. ಆಮೇಲೆ ನ್ಯೂ 46, 47, ಮೈಟಿ 20.

ಇದು ಅಂಗಡಿಗೆ ಬಂದ ದಿನಾಂಕದ ಕ್ರಮ ಅಲ್ಲ. ಬೇಕೆಂದೇ ಬದಲಿಸಿದ್ದೇನೆ. ಮುಖ್ಯ ಕಾರಣ ನ್ಯೂ ಅವೆಂಜರ್ಸ್ 40. ಅದರಲ್ಲಿ ಸ್ಕ್ರಲ್ ರಾಣಿ ವೆರಾಂಕಿಯ ಹಿನ್ನೆಲೆ ಇದೆ. ಅವಳು ಭೂಮಿಯಲ್ಲಿ ಯಾರ ರೂಪದಲ್ಲಿದ್ದಾಳೆ ಎಂಬುದನ್ನೂ ಅದು ತೋರಿಸಿಬಿಡುತ್ತದೆ. ಮುಖ್ಯ ಸರಣಿಯ 3ನೆಯದರ ತನಕ ಊಹೆ ಮಾಡುವ ಸುಖ ನಿಮಗಿರಲಿ ಅಂತ ಅದನ್ನು ಹಿಂದೆ ಹಾಕಿದೆ.

ಟೈ-ಇನ್ ಸಂಚಿಕೆಗಳಲ್ಲಿ ಕಥೆ ಮುಂದೆ ಹೋಗುವುದಿಲ್ಲ, ಹಿಂದೆ ಹೋಗುತ್ತದೆ. ಯುದ್ಧದ ನಡುವೆ ಪುಟ ತಿರುಗಿಸಿದರೆ ಮೂರು ವರ್ಷ ಹಿಂದಿನ ಒಂದು ಅಡುಗೆಮನೆ, ಒಂದು ಪ್ರಯೋಗಾಲಯ. ಮೊದಮೊದಲು ಕಿರಿಕಿರಿ ಆಗುತ್ತದೆ. ಎರಡು ಸಲ ಹೀಗೆ ಹಿಂದೆ ಮುಂದೆ ಹೋದಮೇಲೆ ಅಭ್ಯಾಸ ಆಗುತ್ತದೆ. ಅದರಲ್ಲೂ ನ್ಯೂ 44 ತಪ್ಪಿಸಬೇಡಿ. ಸ್ಕ್ರಲ್‌ಗಳು ಪತ್ತೆಯಾಗದ ರೂಪ ಕಲಿತದ್ದು ಹೇಗೆ ಎಂಬುದಕ್ಕೆ ಉತ್ತರ ಅಲ್ಲಿದೆ, ಬಹಳ ಕ್ರೂರವಾದ ಉತ್ತರ.

ಯುದ್ಧದಲ್ಲಿ ಒಬ್ಬನೇ ಸ್ಕ್ರಲ್ ಮೈಯಲ್ಲಿ ನಾಲ್ಕು ನಾಯಕರ ಶಕ್ತಿ ಕಂಡರೆ ಗಾಬರಿ ಬೇಡ. ಅವರನ್ನು ಸೂಪರ್-ಸ್ಕ್ರಲ್ ಅನ್ನುತ್ತಾರೆ. 1963ರಲ್ಲಿ ಬಂದ ಮೊದಲ ಸೂಪರ್-ಸ್ಕ್ರಲ್‌ಗೆ ಫೆಂಟಾಸ್ಟಿಕ್ ಫೋರ್ ನಾಲ್ವರ ಶಕ್ತಿಯೂ ಇತ್ತು. ಈಗ ಅಂಥವರದ್ದೇ ಒಂದು ಸೈನ್ಯ. ಯಾರ ಕೈ ಯಾರ ಕಾಲು ಎಂದು ಲೆಕ್ಕ ಹಾಕುತ್ತಾ ಕೂರಬೇಡಿ.

ಇಲ್ಲಿ ಮೂರು ಎಚ್ಚರಿಕೆ. ಓದಿ ಮುಗಿಯುವ ತನಕ ಯಾವ ಪಾತ್ರದ ಹೆಸರನ್ನೂ ಹುಡುಕಬೇಡಿ, "ಯಾರು ಯಾರು ಸ್ಕ್ರಲ್" ಎಂಬ ಪಟ್ಟಿ ಮೊದಲ ಸಾಲಿನಲ್ಲೇ ಕಣ್ಣಿಗೆ ಬೀಳುತ್ತದೆ. ಕವರ್ ಚಿತ್ರ ನಂಬಬೇಡಿ, ಆ ವರ್ಷ ಕವರ್‌ಗಳಲ್ಲಿ, ಜಾಹೀರಾತುಗಳಲ್ಲಿ ಕಂಡಕಂಡವರಿಗೆಲ್ಲ ಹಸಿರು ಗಲ್ಲ ಬರೆದು ಆಟ ಆಡಿದ್ದಾರೆ. ಮತ್ತೆ, ನಡುವೆ 5, 6ರ ಹೊತ್ತಿಗೆ ಕಥೆ ಎಳೆದ ಹಾಗೆ ಅನಿಸುತ್ತದೆ. ನಿಮ್ಮದು ತಪ್ಪಲ್ಲ, ಅಲ್ಲಿ ನಿಜವಾಗಿಯೂ ಎಳೆದಿದ್ದಾರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಹೊಡೆದಾಟ ಮುಗಿಯುವುದೇ ಇಲ್ಲವೇನೋ ಅನಿಸುತ್ತದೆ. ಟೈ-ಇನ್ ಜೊತೆ ಓದುತ್ತಿದ್ದರೆ ಆ ಭಾರ ಅಷ್ಟು ಗೊತ್ತಾಗುವುದಿಲ್ಲ.

ಹಂತ 6: ಇನ್ನೂ ಬೇಕು ಅನಿಸಿದರೆ

ಉಳಿದ ಟೈ-ಇನ್‌ಗಳಲ್ಲಿ ನಾನು ಆರಿಸುವುದು ಮೂರೇ.

ಬ್ಲ್ಯಾಕ್ ಪ್ಯಾಂಥರ್ 39ರಿಂದ 41. ಜೇಸನ್ ಆರನ್ ಬರೆದದ್ದು, ಜೆಫ್ಟೆ ಪಾಲೊ ಚಿತ್ರ. ಸ್ಕ್ರಲ್ ಸೈನ್ಯ ವಕಾಂಡಾ ಮೇಲೆ ಇಳಿಯುತ್ತದೆ. ಬೇರೆ ಏನನ್ನೂ ಓದದಿದ್ದರೂ ಅರ್ಥವಾಗುವ, ತಾನೇ ತಾನಾಗಿ ನಿಲ್ಲುವ ಮೂರು ಸಂಚಿಕೆ. ಸ್ನೇಹಿತರಿಗೆ ರುಚಿ ತೋರಿಸಬೇಕಾದರೆ ಇದನ್ನೇ ಕೊಡಿ.

ಇನ್‌ಕ್ರೆಡಿಬಲ್ ಹರ್ಕ್ಯುಲಿಸ್ 117ರಿಂದ 120. ಗ್ರೆಗ್ ಪಾಕ್ ಮತ್ತು ಫ್ರೆಡ್ ವ್ಯಾನ್ ಲೆಂಟಿ ಬರೆದದ್ದು. ಬೇರೆ ಬೇರೆ ನಾಡಿನ ದೇವತೆಗಳ ಒಂದು ತಂಡ ಕಟ್ಟಿಕೊಂಡು ಹರ್ಕ್ಯುಲಿಸ್ ಸ್ಕ್ರಲ್‌ಗಳ ದೇವರ ಮೇಲೇ ಯುದ್ಧಕ್ಕೆ ಹೋಗುತ್ತಾನೆ. ಮೇಲೆ ಹೇಳಿದ "ಅವನು" ಯಾರು ಎಂಬುದಕ್ಕೆ ಉತ್ತರ ಇಲ್ಲಿ ಸಿಗುತ್ತದೆ. ನಗು ಇದೆ, ಕೊನೆಗೆ ಸ್ವಲ್ಪ ಕಹಿಯೂ ಇದೆ.

ಕ್ಯಾಪ್ಟನ್ ಬ್ರಿಟನ್ ಅಂಡ್ ಎಂಐ13 (ಎಂಐ13 ಅಂದರೆ ಕಥೆಯಲ್ಲಿನ ಬ್ರಿಟಿಷ್ ಗುಪ್ತಚರ ಸಂಸ್ಥೆ), 1ರಿಂದ 4. ಪಾಲ್ ಕಾರ್ನೆಲ್ ಬರೆದದ್ದು, ಲೆನರ್ಡ್ ಕರ್ಕ್ ಚಿತ್ರ. ಸ್ಕ್ರಲ್‌ಗಳು ಬ್ರಿಟನ್ನಿನ ಮಾಂತ್ರಿಕ ಶಕ್ತಿಯನ್ನೇ ಕಸಿಯಲು ಬರುತ್ತಾರೆ. ಜಾನ್ ಲೆನನ್ ರೂಪದಲ್ಲೇ ಬದುಕುವ, ಬ್ರಿಟನ್ ಪರ ಹೋರಾಡುವ ಒಬ್ಬ ಸ್ಕ್ರಲ್ ಇದರಲ್ಲಿದ್ದಾನೆ. ಫೈಜಾ ಹುಸೇನ್ ಎಂಬ ವೈದ್ಯೆಯ ಕಥೆ ಶುರುವಾಗುವುದೂ ಇಲ್ಲಿಂದಲೇ.

ಸ್ಪೈಡರ್ ಮ್ಯಾನ್, ಎಕ್ಸ್-ಮೆನ್, ಥಾರ್ ಹೆಸರಿನಲ್ಲಿ ಬಂದ ಮೂರು ನಾಲ್ಕು ಸಂಚಿಕೆಯ ಕಿರು ಸರಣಿಗಳು ಆಯಾ ನಾಯಕನ ಅಭಿಮಾನಿಗಳಿಗೆ ಮಾತ್ರ. ಹೆಸರು ದೊಡ್ಡದು ಅಂತ ದುಡ್ಡು ಹಾಕಬೇಡಿ, ಮುಖ್ಯ ಕಥೆಗೆ ಅವುಗಳಿಂದ ಏನೂ ಸೇರುವುದಿಲ್ಲ.

ಹಂತ 7: ಮುಗಿದ ಮೇಲೆ

8ನೇ ಸಂಚಿಕೆಯಲ್ಲಿ ಒಬ್ಬ ಸರಿಯಾದ ಹೊತ್ತಿಗೆ ಕ್ಯಾಮೆರಾಗಳ ಮುಂದೆ ಒಂದು ಗುಂಡು ಹಾರಿಸುತ್ತಾನೆ. ಅದರಿಂದ ಅಧಿಕಾರ ಯಾರ ಕೈಗೆ ಹೋಗುತ್ತದೆ ನೋಡಿ, ಮುಂದಿನ ಮಾರ್ವೆಲ್ ಕಥೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಸೀಕ್ರೆಟ್ ಇನ್ವೇಷನ್: ಡಾರ್ಕ್ ರೇನ್ ಎಂಬ ಒನ್-ಶಾಟ್ ಓದಿ, ನಂತರ 2009ರ ಡಾರ್ಕ್ ಅವೆಂಜರ್ಸ್ ಹಿಡಿಯಿರಿ. ಆ ದಾರಿ ಬಂದು ಮುಗಿಯುವುದು 2010ರ ಸೀಜ್‌ನಲ್ಲಿ, ಅದು 4 ಸಂಚಿಕೆ. ಫ್ಯೂರಿ ಇಷ್ಟವಾಗಿದ್ದರೆ ಬೇರೆ ದಾರಿ ಇದೆ, ಜೊನಾಥನ್ ಹಿಕ್‌ಮನ್ ಹೆಸರಿನ ಜೊತೆ ಗುರುತಾಗಿರುವ ಸೀಕ್ರೆಟ್ ವಾರಿಯರ್ಸ್, 28 ಸಂಚಿಕೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ನ್ಯೂ ಅವೆಂಜರ್ಸ್ ಮೊದಲ 6 ಸಂಚಿಕೆ ತೆಗೆಯಿರಿ, ಜೈಲು ಒಡೆದು ಖೈದಿಗಳು ತಪ್ಪಿಸಿಕೊಳ್ಳುವ ಕಥೆ. ಈಗ ನಿಮಗೆ ಎಲ್ಲರ ಗುಟ್ಟು ಗೊತ್ತು. ಯಾರು ಯಾವ ಚೌಕಟ್ಟಿನಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದಾರೆ, ಯಾರು ಯಾವ ಮಾತಿಗೆ ನಡುವೆ ಬಾಯಿ ಹಾಕುತ್ತಾರೆ ಎಂದು ಗಮನಿಸುತ್ತಾ ಓದಿ. ಬೆಂಡಿಸ್ ಇದನ್ನೆಲ್ಲ ಮೊದಲೇ ಯೋಚಿಸಿ ಬರೆದರಾ, ಆಮೇಲೆ ಹೊಂದಿಸಿಕೊಂಡರಾ ಎಂದು ಅಭಿಮಾನಿಗಳು ಜಗಳ ಆಡುತ್ತಾರೆ. ಓದಿದ ಮೇಲೆ ಆ ಜಗಳಕ್ಕೆ ನೀವೂ ಬನ್ನಿ.